ಹೊಲಿದ ಪುಟಗಳು

ಮಾರ್ಚ್ 3, ಸೋಮವಾರ

ಬರೆಯಬೇಕಂತೆ. ದಿನಾ ಒಂದು ಪುಟ. ಮುರಿದ ಮಣಿಕಟ್ಟು ಕೂಡಿಕೊಂಡಿದೆ, ಬೆರಳುಗಳು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಬರೆದು ಬರೆದೇ ಅವನ್ನು ದಾರಿಗೆ ತರಬೇಕೆಂದು ಆಸ್ಪತ್ರೆಯಿಂದ ಬಂದು ಕೈ ವ್ಯಾಯಾಮ ಮಾಡಿಸುವವನ ಅಪ್ಪಣೆ. ಏನು ಬರೆಯಲಿ ಎಂದರೆ, "ಏನಾದ್ರೂ ಬರೀರಿ ಅಜ್ಜಿ, ಮನಸ್ಸಿಗೆ ಬಂದಿದ್ದು" ಎಂದು ಹಲ್ಲು ಕಿರಿದ. ನನ್ನ ಮನಸ್ಸಿಗೆ ಬಂದದ್ದನ್ನು ಅವನಿಗೆ ಓದಿ ಹೇಳಿದರೆ ನಾಳೆಯಿಂದ ರಜೆ ಹಾಕುತ್ತಾನೆ.

ಐದನೇ ತರಗತಿಗೆ ಶಾಲೆ ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕೂತವಳು ನಾನು. ಆಮೇಲೆ ನಾನು ಬರೆದದ್ದೆಲ್ಲ ಎದೆಯಳತೆ, ಸೊಂಟದಳತೆ, ತೋಳಿನ ಉದ್ದ. ಅದಕ್ಕಿಂತ ಹೆಚ್ಚು ಬರೆಸುವ ಗಿರಾಕಿ ಯಾರೂ ಬರಲಿಲ್ಲ.

ಅಂಗಡಿಗೆ ಬೀಗ ಹಾಕಿ ಮಗಳ ಮನೆ ಸೇರಿದ್ದೇನೆ. ಮಗಳು ಹಾಲು, ಎಣ್ಣೆ, ಡಬ್ಬಿಯ ತಿಂಡಿಗಳಲ್ಲಿ ಕ್ರಿಮಿ ಇದೆಯಾ ಎಂದು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾಳೆ. ಮನೆಯಲ್ಲೂ ನಮ್ಮನ್ನೆಲ್ಲ ಗಾಜಿನ ಕೆಳಗಿಟ್ಟೇ ನೋಡುತ್ತಾಳೆ. ಅಳಿಯ ಬಾಗಿಲು ಕಿಟಕಿ ಮಾರುವ ಕಂಪನಿಯವನು. ಹೆಂಡತಿಯ ಮುಂದೆ ಅವನ ಬಾಯಿಗೂ ಒಂದು ಗಟ್ಟಿ ಬಾಗಿಲು ಬೀಳುತ್ತದೆ. ಮೊಮ್ಮಗಳಿಗೆ ಹತ್ತು ವರ್ಷ. ಊದಿದರೆ ಹಾರುವಷ್ಟು ತೆಳ್ಳಗಿದ್ದಾಳೆ, ಕಡ್ಡಿ ಎಂದು ಕರೆಯುತ್ತೇನೆ.

ಈ ಕಡ್ಡಿಗೆ ಊಟಕ್ಕೂ ಪುಸ್ತಕ, ಹಲ್ಲುಜ್ಜಲೂ ಪುಸ್ತಕ. ಅಜ್ಜಿ ಕರೆದರೆ "ಹ್ಞೂಂ" ಎನ್ನುತ್ತಾಳೆ, ಕಣ್ಣೆತ್ತುವುದಿಲ್ಲ. ನನ್ನ ಕಾಲದಲ್ಲಾಗಿದ್ದರೆ ಬೆನ್ನು ಮುರಿಯುತ್ತಿದ್ದರು. ಪುಟ ತುಂಬಿತು. ಸಾಕು.

ಮಾರ್ಚ್ 5, ಬುಧವಾರ

ಊಟಕ್ಕೆ ಕೂತಾಗ ಕಡ್ಡಿ ತಟ್ಟೆಯ ಪಕ್ಕದ ಪುಸ್ತಕ ಮುಚ್ಚಿ, "ಅಮ್ಮ, ನೀನೂ ಅಪ್ಪನೂ ಬೇರೆಯಾದ್ರೆ ನಾನು ಯಾರ ಹತ್ರ ಇರ್ಬೇಕು ಅಂತ ಈಗ್ಲೇ ಹೇಳಿಡಿ. ಆಮೇಲೆ ಗಡಿಬಿಡಿ ಆಗುತ್ತೆ" ಅಂದಳು.

ಅಳಿಯನಿಗೆ ನೀರು ನೆತ್ತಿಗೇರಿತು. ಮಗಳ ಮುಖ ಬಿಳಿಚಿತು. ನನಗೆ ನಗು ಬಂತು, ನಕ್ಕೆ. ತಪ್ಪಾಯಿತು.

"ನಗ್ತೀಯಲ್ಲಮ್ಮ! ಈ ವಯಸ್ಸಿಗೆ ಇವಳ ತಲೇಲಿ ಏನೇನು ತುಂಬಿದೆ ನೋಡು."

"ಪುಸ್ತಕದಲ್ಲಿತ್ತು. ಆ ಹುಡುಗಿಗೆ ಯಾರೂ ಮೊದಲೇ ಹೇಳ್ಲಿಲ್ಲ, ಪಾಪ" ಎಂದಳು ಕಡ್ಡಿ.

ಅಲ್ಲಿಗೆ ತೀರ್ಪಾಯಿತು. ಇನ್ನು ಮೇಲೆ ಲೈಬ್ರರಿಯಿಂದ ಬರುವ ಯಾವ ಪುಸ್ತಕವನ್ನೂ ದೊಡ್ಡವರು ಓದಿ ನೋಡದೆ ಅವಳ ಕೈಗೆ ಕೊಡುವಂತಿಲ್ಲ. ಬೇಡದ ಪುಟಗಳನ್ನು ಮುಚ್ಚಬೇಕು. ಯಾರು ಓದುವುದು? ಮಗಳಿಗೆ ಲ್ಯಾಬು. ಅಳಿಯನಿಗೆ ಓದಲು ಕೂತರೆ ನಿದ್ದೆ.

"ಅಮ್ಮ, ನೀನು ಹೇಗೂ ಖಾಲಿ ಇದ್ದೀಯಲ್ಲ."

ಖಾಲಿಯಂತೆ! ಆಯುಷ್ಯವಿಡೀ ಊರಿನವರ ಮೈ ಮುಚ್ಚಿದವಳು ಈಗ ಖಾಲಿ ಡಬ್ಬ. "ನನಗೆ ಅಕ್ಷರ ಕೂಡಿಸೋಕೇ ಮಧ್ಯಾಹ್ನ ಆಗುತ್ತೆ" ಅಂದೆ.

"ಪರವಾಗಿಲ್ಲ, ನಿಧಾನಕ್ಕೆ ಓದು. ಅವಳೂ ಸ್ವಲ್ಪ ನಿಧಾನ ಆಗ್ಲಿ."

ಕಡ್ಡಿ ನನ್ನ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

ಮಾರ್ಚ್ 6, ಗುರುವಾರ

ಪುಟ ಮುಚ್ಚಲು ಮಗಳು ಸ್ಟೇಪ್ಲರ್ ತಂದಿಟ್ಟಳು. ಕಾಗದಕ್ಕೆ ತಗಡು ಚುಚ್ಚುವುದೇ? ಹಿಂದೆ ಕೊಡುವಾಗ ಕೀಳಲು ಹೋದರೆ ಹರಿಯುತ್ತದೆ. ಕಚ್ಚಾ ಹೊಲಿಗೆ ಹಾಕುತ್ತೇನೆ ಎಂದೆ. ಬಟ್ಟೆ ಜಾರದಿರಲೆಂದು ಮಿಷನ್ನಿಗೆ ಕೊಡುವ ಮೊದಲು ಕೈಯಲ್ಲಿ ಹಾಕುವ ಉದ್ದುದ್ದ ಹೊಲಿಗೆ ಅದು. ಕೆಲಸ ಮುಗಿದ ಮೇಲೆ ಗಂಟು ಕತ್ತರಿಸಿ ಎಳೆದರೆ ನೂಲು ಪೂರ್ತಿ ಬಂದುಬಿಡುತ್ತದೆ. ಅತಿ ಸಣ್ಣ ಸೂಜಿ, ಪುಟದ ಅಂಚು. ಬೆರಳಿಗೂ ಕೆಲಸವಾಯಿತು.

ಕಡ್ಡಿಗೆ ಹೇಳಿದ್ದೇನೆ: "ಕಿತ್ತು ನೋಡ್ಬೇಡ. ನನ್ನ ಗಂಟು ನನಗೆ ಗೊತ್ತಾಗುತ್ತೆ."

"ನಿಮ್ಮ ಗಂಟು ನಿಮ್ಮ ಮುಖದಲ್ಲೇ ಕಾಣ್ಸುತ್ತೆ ಅಜ್ಜಿ" ಎಂದು ಓಡಿದಳು.

ಮಾರ್ಚ್ 9, ಭಾನುವಾರ

ಒಂದು ಪುಸ್ತಕ ಮುಗಿಯಿತು. ತಲೆನೋವು. ಕಾಡಿನಲ್ಲಿ ದಾರಿ ತಪ್ಪಿದ ಅಣ್ಣ ತಂಗಿ, ಅಲ್ಲೊಬ್ಬ ಬೇಟೆಗಾರ, ಅವನದೊಂದು ನಾಯಿ. ಮುಚ್ಚಿದ್ದು: ಅಣ್ಣ ಸುಳ್ಳು ಹೇಳುವ ಪುಟ, ನಾಯಿಗೆ ಗುಂಡು ತಗಲುವ ಪುಟ, ಮೊಮ್ಮಗ ಅಜ್ಜನಿಗೆ ಎದುರು ಮಾತಾಡುವ ಪುಟ. ಇನ್ನೊಂದು ಕಡೆ ಒಬ್ಬ ದರ್ಜಿ ಗಿರಾಕಿಯ ಬಟ್ಟೆಯಲ್ಲಿ ತುಂಡು ಕದಿಯುತ್ತಾನೆ. ಬರೆದವನು ಯಾವತ್ತಾದರೂ ಸೂಜಿ ಹಿಡಿದಿದ್ದಾನೋ ಇಲ್ಲವೋ. ಅದನ್ನು ಹಿಂದೆ ಮುಂದೆ ನೋಡದೆ ಹೊಲಿದೆ.

ಮಾರ್ಚ್ 13, ಗುರುವಾರ

ಕಡ್ಡಿ ಶಾಲೆಯಿಂದ ಬಂದವಳೇ ಮುಚ್ಚಿದ ಪುಟಗಳನ್ನು ಲಕೋಟೆಯ ಹಾಗೆ ಮೇಲಿನಿಂದ ಅರಳಿಸಿ, ಒಂದು ಕಣ್ಣು ಮುಚ್ಚಿ ಇಣುಕುತ್ತಿದ್ದಳು. ಕೊಳವೆಯಲ್ಲಿ ಬಿದ್ದ ಕಾಸು ಹುಡುಕುವವರ ಹಾಗೆ. ಹಿಂದಿನಿಂದ ಹೋಗಿ ಕಿವಿ ಹಿಡಿದೆ.

"ಹೊಲಿಗೆ ಕಿತ್ತಿಲ್ಲ! ಬರೀ ನೋಡ್ತಿದ್ದೆ!"

"ಏನು ಕಾಣ್ತು?"

"ಅರ್ಧರ್ಧ ಸಾಲು. 'ನಾಯಿಯ ಕಣ್ಣು' ಅಂತಿದೆ. 'ರಕ್ತ' ಅಂತಿದೆ. ಏನಾಯ್ತಜ್ಜಿ? ನಿನ್ನೆಯಿಂದ ನಾನೇ ಏನೇನೋ ಅಂದ್ಕೊಳ್ತಾ ಇದೀನಿ. ಕಣ್ಣು ಕಿತ್ರಾ?"

"ಯಾರೂ ಯಾರ ಕಣ್ಣೂ ಕೀಳಲಿಲ್ಲ. ಕಾಲಿಗೆ ಗುಂಡು ತಾಗ್ತು. ವಾಸಿ ಆಯ್ತು. ಕುಂಟುತ್ತೆ. ಹೋಗು."

ಹೇಳಿದ ಮೇಲೆ ನೆನಪಾಯಿತು, ಹೇಳಬಾರದಿತ್ತು. ನನ್ನ ಬಾಯಿಗಿಷ್ಟು.

ಮಾರ್ಚ್ 15, ಶನಿವಾರ

ಕಡ್ಡಿಯ ಜೊತೆ ಲೈಬ್ರರಿಗೆ ಹೋದೆ. ಅಂಚೆ ಕಚೇರಿಯ ಮೇಲಿನ ಮಹಡಿ, ಮೆಟ್ಟಿಲು ಕಡಿದು. ಮೇಜಿನ ಹಿಂದೆ ಒಬ್ಬಳು ಕೂತಿದ್ದಾಳೆ, ಕೂದಲು ಕತ್ತರಿಸಿಕೊಂಡವಳು, ಸೀನಿದರೂ ಬೆರಳು ತುಟಿಗಿಡುತ್ತಾಳೆ. ಪುಸ್ತಕ ವಾಪಸು ಕೊಡುವ ಮೊದಲು ನೂಲನ್ನೆಲ್ಲ ಎಳೆದು ಅಂಚನ್ನು ಉಗುರಿನಿಂದ ಉಜ್ಜಿದ್ದೆ. ಅವಳಿಗೆ ತಿಳಿಯಲಿಲ್ಲ.

ಈ ಸಲ ಕಡ್ಡಿ ತಂದದ್ದು ಒಂದು ದಪ್ಪನೆಯ ಪುಸ್ತಕದ ಮೊದಲ ಭಾಗ. ಸರಕು ದೋಣಿಯ ಮೇಲೇ ಬದುಕುವ ಒಂದು ಮನೆಯವರ ಕಥೆ. ದಾರಿಯಲ್ಲೇ ಹೇಳಿದಳು, "ಬೇಗ ಓದಿ ಅಜ್ಜಿ. ನೋಟ್‌ಬುಕ್ಕಲ್ಲಿ ಗೀಚೋದು ಆಮೇಲೆ ಗೀಚಿ." ಎಷ್ಟು ಸೊಕ್ಕು.

ಮಾರ್ಚ್ 19, ಬುಧವಾರ

ವ್ಯಾಯಾಮದವನು ಬಂದು ಬೆರಳು ಬಗ್ಗಿಸಿ ನೋಡಿ, "ಭೇಷ್, ಬರೀತಾ ಇದ್ದೀರಲ್ಲ" ಅಂದ. ಬೇಗ ಹೋಗಪ್ಪ ಎಂದೆ. ದೋಣಿ ಆಗಷ್ಟೇ ಸುಳಿಗೆ ಸಿಕ್ಕಿತ್ತು.

ಆ ದೋಣಿಯಲ್ಲಿ ಚುಕ್ಕಾಣಿ ಹಿಡಿಯುವವಳು ಮನೆಯ ಮುದುಕಿ. ಬಾಯಿ ಬಿಟ್ಟರೆ ಬೈಗುಳ. ಮಗನಿಗೆ ಬೈಯುತ್ತಾಳೆ, ಸೊಸೆಗೆ ಬೈಯುತ್ತಾಳೆ, ನದಿಗೂ ಬೈಯುತ್ತಾಳೆ. ಆದರೆ ಬಂಡೆ ಎಲ್ಲಿದೆ ಎಂದು ಅವಳಿಗೊಬ್ಬಳಿಗೇ ಗೊತ್ತು. ಬೈಗುಳದ ಪುಟಗಳನ್ನು ಹೊಲಿಯಬೇಕಿತ್ತು. ಹೊಲಿದರೆ ಅವಳ ಪಾಲಿಗೆ ಏನೂ ಉಳಿಯುವುದಿಲ್ಲ. ಬಿಟ್ಟಿದ್ದೇನೆ.

ಕಡ್ಡಿ ಬಾಗಿಲಲ್ಲಿ ನಿಂತು, "ಎಷ್ಟನೇ ಅಧ್ಯಾಯ?" ಎಂದಳು. ಒಂಬತ್ತು ಎಂದೆ. "ಇನ್ನೂ ಒಂಬತ್ತಾ!" ಎಂದು ನೆಲಕ್ಕೆ ಕಾಲು ಅಪ್ಪಳಿಸಿದಳು. ಓದುವಾಗ ಮೈಮೇಲೆ ಬರಬೇಡವೆಂದು ಕೂಗಿದೆ.

ಮಾರ್ಚ್ 21, ಶುಕ್ರವಾರ

ಹನ್ನೊಂದನೇ ಅಧ್ಯಾಯದಲ್ಲಿ ಮುದುಕಿ ಸತ್ತಳು.

ಏನೂ ಕಾರಣವಿಲ್ಲ. ಚುಕ್ಕಾಣಿಯ ಪಕ್ಕ ಕೂತಿದ್ದವಳು ಹಾಗೇ ವಾಲಿಕೊಂಡಳಂತೆ. ಬರೆದವರಿಗೆ ಬೇರೆ ಯಾರೂ ಸಿಗಲಿಲ್ಲವೇ? ಆ ಕೈಲಾಗದ ಮಗ ಇದ್ದನಲ್ಲ.

ಹನ್ನೊಂದನ್ನು ಪೂರ್ತಿ ಹೊಲಿದೆ. ಇಣುಕಲೂ ಆಗದ ಹಾಗೆ ಮೂರೂ ಕಡೆ, ಒತ್ತೊತ್ತಾಗಿ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಉಳಿದದ್ದನ್ನು ಓದಲು ಮನಸ್ಸಾಗಲಿಲ್ಲ, ಹಾಗೇ ಕಡ್ಡಿಯ ಕೈಗೆ ಕೊಟ್ಟೆ.

ಮಾರ್ಚ್ 23, ಭಾನುವಾರ

ಇವತ್ತು ಆದದ್ದನ್ನು ಬರೆಯಲು ಒಂದು ಪುಟ ಸಾಲದು.

ಮಗಳು ಅಳಿಯ ಪೇಟೆಗೆ ಹೋಗಿದ್ದರು. ನಾನು ಮಲಗಿದ್ದೆ. ಕಡ್ಡಿ ಬಾಗಿಲು ತೆಗೆದು ನೋಡಿ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. ಮತ್ತೆ. ನಾಲ್ಕನೇ ಸಲಕ್ಕೆ ರೇಗಿತು.

"ಏನೇ ಅದು, ಕಳ್ಳಬೆಕ್ಕಿನ ಹಾಗೆ? ಏನು ಬೇಕು?"

"ಏನಿಲ್ಲ. ನೀವಿದ್ದೀರಾ ಅಂತ ನೋಡ್ದೆ."

"ಇಲ್ಲದೆ ಎಲ್ಲಿಗೆ ಹೋಗ್ಲಿ?"

ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಕಣ್ಣು ಕೆಂಪಗೆ. "ಅಜ್ಜಿ, ಇವರು ತುಂಬಾ ಕೆಟ್ಟವರು."

"ಯಾರು?"

"ದೋಣಿಯವರು. ಹತ್ತನೇ ಅಧ್ಯಾಯದಲ್ಲಿ ಅಜ್ಜಿ ಇದ್ದಾಳೆ. ಹನ್ನೆರಡನೇದ್ರಲ್ಲಿ ಇಲ್ಲ. ಅವಳ ಹಾಸಿಗೆ ಜಾಗದಲ್ಲಿ ಮೂಟೆ ಇಟ್ಟಿದ್ದಾರೆ. ಒಬ್ಬರೂ ಅವಳ ಹೆಸರೆತ್ತಲ್ಲ. ಮೀನು ಮಾರ್ತಾರೆ, ನಗ್ತಾರೆ. ಎಲ್ಲೋ ದಡದಲ್ಲಿ ಇಳಿಸಿ ಬಂದ್ಬಿಟ್ಟಿದ್ದಾರೆ ಅಲ್ವಾ? ಅವಳು ಬೈತಾಳೆ ಅಂತ?"

ನಾನು ಎದ್ದು ಕೂತೆ.

"ನಿಮ್ಮ ಕೈ ವಾಸಿ ಆದ್ಮೇಲೆ ನಿಮ್ಮನ್ನೂ ಕಳಿಸ್ತಾರಂತೆ. ಅಮ್ಮ ಅಪ್ಪನ ಹತ್ರ ಹೇಳ್ತಿದ್ರು."

"ಕಳಿಸೋದೇನೇ? ನನ್ನ ಅಂಗಡಿಗೆ ನಾನು ಹೋಗ್ತೀನಿ. ಇವರ ಅಪ್ಪಣೆ ಬೇಕಾ?"

ಅದಕ್ಕೂ ಅವಳ ಮುಖ ಸಡಿಲಲಿಲ್ಲ. ಇಡೀ ಮನೆತನದ ಮೇಲೆ ಆ ಕೂಸಿಗೆ ಹುಟ್ಟಿದ ದ್ವೇಷ ನೋಡಿ ನನಗೇ ದಿಗಿಲಾಯಿತು. ದೋಣಿಯವರು ಹಾಗೆ ಮಾಡಿದವರಲ್ಲ. ಹನ್ನೊಂದರಲ್ಲಿ ಆ ಕೈಲಾಗದ ಮಗ ಅವಳನ್ನು ಹೆಗಲ ಮೇಲೆ ಹೊತ್ತು ದಿಬ್ಬ ಹತ್ತುತ್ತಾನೆ. ಸೊಸೆ ತನ್ನ ಒಳ್ಳೆಯ ಶಾಲು ಹೊದಿಸುತ್ತಾಳೆ. ಅವರು ಮಾಡಿದ್ದನ್ನೆಲ್ಲ ಹೊಲಿದು ಮುಚ್ಚಿದವಳು ನಾನು.

ಕತ್ತರಿ ತಾ ಎಂದೆ. ಒಂದೊಂದೇ ಗಂಟು ಕತ್ತರಿಸಿ ನೂಲೆಳೆದೆ. ಒತ್ತಾದ ಹೊಲಿಗೆ, ಒಂದೆರಡು ಕಡೆ ಅಂಚು ಹರಿಯಿತು. "ಓದು" ಎಂದೆ.

"ನೀವೂ ಕೂತ್ಕೊಳ್ಳಿ."

"ನಾನು ಓದಿದ್ದೀನಿ."

"ಇನ್ನೊಂದ್ಸಲ."

ಅವಳು ಗಟ್ಟಿಯಾಗಿ ಓದಿದಳು. ಎಷ್ಟು ಸಲೀಸಾಗಿ ಓದುತ್ತಾಳೆ! ನನ್ನ ಹಾಗೆ ಅಕ್ಷರಕ್ಕೊಮ್ಮೆ ಎಡವುವುದಿಲ್ಲ. ಮುದುಕಿ ವಾಲಿಕೊಂಡಾಗ ನಿಲ್ಲಿಸಿ, ಒಂದಷ್ಟು ಅತ್ತು, ಮೂಗು ನನ್ನ ಸೆರಗಿಗೇ ಒರೆಸಿ ಮುಂದೆ ಓದಿದಳು. ಶಾಲು ಹೊದಿಸುವ ಕಡೆ ಬಂದಾಗ, "ಓ, ಹಾಗಾದ್ರೆ ಸರಿ" ಎಂದಳು. ಆಮೇಲೆ ಎರಡು ಸಲ ಬಡಿಸಿಕೊಂಡು ಉಂಡಳು. ನನ್ನ ಬಾಗಿಲಿಗೆ ಬಂದು ನೋಡಲಿಲ್ಲ.

ಮಾರ್ಚ್ 24, ಸೋಮವಾರ

ಮಗಳು ಪುಸ್ತಕ ತಿರುವಿ ನೋಡಿದಳು. ಹರಿದ ಅಂಚು ಕಂಡಿತು.

"ಯಾರು ಬಿಚ್ಚಿದ್ದು?"

"ನಾನೇ" ಎಂದಳು ಕಡ್ಡಿ, ನಾನು ಬಾಯಿ ತೆರೆಯುವ ಮೊದಲೇ.

"ಸುಳ್ಳು. ನನ್ನ ಕತ್ತರಿ, ನನ್ನ ಕೈ" ಎಂದೆ.

ಮಗಳು ಹನ್ನೊಂದನೇ ಅಧ್ಯಾಯವನ್ನು ನಿಂತಲ್ಲೇ ಓದಿದಳು. "ಸಾವು. ಹೂಳೋದು. ಹತ್ತು ವರ್ಷದ ಮಗುಗೆ. ಅಮ್ಮ, ನಿನಗೆ ಒಂದು ಕೆಲಸ ಕೊಟ್ಟಿದ್ದೆ."

"ಆ ಕೆಲಸ ನೀನೇ ಮಾಡ್ಕೋ."

"ನಿನಗೆ ಯಾವತ್ತೂ ಅಷ್ಟೇ! ನಾನು ಚಿಕ್ಕವಳಿದ್ದಾಗ ಏನು ಓದ್ತೀನಿ ಅಂತ ಒಂದು ದಿನ ಕೇಳಿದ್ಯಾ? ಅಳತೆ ಕತ್ತರಿಸೋಕೆ ಅಂತ ನೀನು ಹಳೇ ಪೇಪರ್ ರಾಶಿ ಹಾಕಿರ್ತಿದ್ದೆ. ಕತ್ತರಿಸೋ ಮೇಜಿನ ಕೆಳಗೆ ಕೂತು ಎಲ್ಲಾ ಓದಿದೀನಿ. ಒಂದು ಮನೆಗೆ ಬೆಂಕಿ ಬಿದ್ದು ಮಕ್ಕಳು ಸುಟ್ಟುಹೋದ ಸುದ್ದಿ. ಅರ್ಧ ಪುಟವನ್ನು ನೀನು ಯಾರದೋ ಕಾಲರ್ ಅಳತೆಗೆ ಕತ್ತರಿಸಿದ್ದೆ. ಆ ಮಕ್ಕಳಲ್ಲಿ ಯಾರಾದ್ರೂ ಉಳಿದ್ರಾ ಇಲ್ವಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಎಷ್ಟು ದಿನ ಹೆದರಿದ್ದೆ ಗೊತ್ತಾ?"

"ಕೇಳೋಕೆ ಪುರುಸೊತ್ತಿತ್ತಾ ನನಗೆ? ನಿನ್ನ ಹೊಟ್ಟೆಗೆ ಯಾರು ಹಾಕ್ಬೇಕಿತ್ತು?" ಎಂದು ನಾನೂ ಕಿರುಚಿದೆ. ಅಳಿಯ ಕಿಟಕಿ ಮುಚ್ಚಿದ. ಅವನಿಗೆ ಗೊತ್ತಿರುವ ಕೆಲಸ ಅದೊಂದೇ.

ಇಸ್ತ್ರಿ ಪೆಟ್ಟಿಗೆ ಆರಿದೆಯಾ ಎಂದು ಮಗಳು ಚಿಕ್ಕವಳಿದ್ದಾಗ ಅಂಗಡಿ ಮುಚ್ಚುವಾಗ ದಿನಾ ಮುಟ್ಟಿ ನೋಡುತ್ತಿದ್ದಳು. ಎಷ್ಟು ಜವಾಬ್ದಾರಿ ನೋಡಿ ಎಂದು ಗಿರಾಕಿಗಳ ಮುಂದೆ ಹೊಗಳುತ್ತಿದ್ದೆ.

ಇನ್ನು ಬರೆಯಲಾರೆ.

ಮಾರ್ಚ್ 25, ಮಂಗಳವಾರ

ಪುಸ್ತಕ ವಾಪಸು ಹೋಯಿತು. ಲೈಬ್ರರಿ ಕಾರ್ಡು ಮಗಳ ಕೈಚೀಲ ಸೇರಿತು. ಮನೆಯಲ್ಲಿ ಇನ್ನು ಪಠ್ಯಪುಸ್ತಕ ಮಾತ್ರ.

ಮಾರ್ಚ್ 28, ಶುಕ್ರವಾರ

ಕಡ್ಡಿ ಜಗಳವಾಡುತ್ತಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಹೇಳಿದ್ದಕ್ಕೆಲ್ಲ ಹ್ಞೂಂ ಎನ್ನುತ್ತಾಳೆ, ಈಗ ಕಣ್ಣೆತ್ತಿಯೇ ಎನ್ನುತ್ತಾಳೆ. ತಟ್ಟೆ ನೋಡಿಕೊಂಡು ಉಣ್ಣುತ್ತಾಳೆ. ಹೋಮ್‌ವರ್ಕ್ ಮುಗಿಸಿ ಕೈಕಟ್ಟಿ ಸೋಫಾದ ಮೇಲೆ ಕೂರುತ್ತಾಳೆ, ದಂತವೈದ್ಯರ ಬಾಗಿಲಲ್ಲಿ ಸರದಿ ಕಾಯುವವರ ಹಾಗೆ.

"ನೋಡಿದ್ಯಾ, ಎಷ್ಟು ಶಿಸ್ತು ಬಂತು" ಎಂದಳು ಮಗಳು.

ಎದ್ದು ನನ್ನ ಕೋಣೆಗೆ ಬಂದೆ. ಇಲ್ಲದಿದ್ದರೆ ಏನಾದರೂ ಎಸೆಯುತ್ತಿದ್ದೆ.

ದೋಣಿ ಬಂದರು ತಲುಪಿತೋ ಇಲ್ಲವೋ. ಕಡ್ಡಿಯೂ ಹನ್ನೆರಡಕ್ಕೇ ನಿಲ್ಲಿಸಿದ್ದಳು, ಮುಗಿಯಲು ಎರಡೇ ಅಧ್ಯಾಯ ಬಾಕಿ ಇತ್ತು. ನನ್ನ ಮಗಳು ಮುಟ್ಠಾಳಿ, ವಾಪಸು ಕೊಡುವ ಮೊದಲು ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಮಾರ್ಚ್ 29, ಶನಿವಾರ

ಒಬ್ಬಳೇ ಲೈಬ್ರರಿಗೆ ಹೋದೆ. ಆ ಮೆಟ್ಟಿಲುಗಳಿಗೆ ಶಾಪ ಹಾಕಿಕೊಂಡೇ ಹತ್ತಿದೆ. ನನ್ನ ಹೆಸರಿಗೊಂದು ಕಾರ್ಡು ಕೊಡು ಎಂದೆ.

ಮೇಜಿನವಳು ಕೆಳಗಿನಿಂದ ದೋಣಿ ಪುಸ್ತಕ ತೆಗೆದು ಹನ್ನೊಂದನೇ ಅಧ್ಯಾಯ ಬಿಡಿಸಿ ನನ್ನ ಮುಂದೆ ಹಿಡಿದಳು. ಬೆಳಕಿಗೆ ಸೂಜಿಯ ತೂತುಗಳೆಲ್ಲ ಸಾಲಾಗಿ ಕಂಡವು.

"ಇದು ನಿಮ್ಮ ಕೈಕೆಲಸ ಅಂತೆ. ನಿಮ್ಮ ಮಗಳು ಹೇಳಿದ್ರು."

"ಹೌದು. ನೇರವಾಗಿದೆ ಅಲ್ವಾ?"

"ಇಪ್ಪತ್ತು ವರ್ಷದಲ್ಲಿ ಹರಿದವರನ್ನ ನೋಡಿದೀನಿ, ಗೀಚಿದವರನ್ನ ನೋಡಿದೀನಿ. ಹೊಲಿದವರನ್ನ ನೋಡಿರ್ಲಿಲ್ಲ. ನಿಮಗೆ ಕಾರ್ಡ್ ಇಲ್ಲ ಅಜ್ಜಿ."

"ಬೇಡ ಬಿಡು. ಹುಡುಗಿಯ ಕಾರ್ಡಿನ ಮೇಲೆ ಕೊಡು."

"ಅದು ಅವರಮ್ಮ ಬಂದು ನಿಲ್ಲಿಸಿ ಹೋಗಿದ್ದಾರೆ. ಅವರೇ ಬಂದು ಸಹಿ ಮಾಡ್ಬೇಕು. ಅಜ್ಜಿ ಸಹಿ ನಡೆಯಲ್ಲ."

"ಹಾಗಾದ್ರೆ ಇಲ್ಲೇ ಕೂತು ಓದೋಕೆ ಯಾರ ಸಹಿ ಬೇಕು?"

ಅವಳು ಬೆರಳು ತುಟಿಗಿಟ್ಟು ಕುರ್ಚಿ ತೋರಿಸಿದಳು. ಹನ್ನೆರಡರಿಂದ ಕೊನೆಯವರೆಗೆ ಕೂತು ಓದಿದೆ. ಮುಚ್ಚುವ ಗಂಟೆ ಬಾರಿಸಿ, ನನ್ನನ್ನು ನೋಡಿ, ಮತ್ತೆ ಎರಡು ಸಲ ಬಾರಿಸಿದಳು. ಬಾರಿಸಿಕೊಳ್ಳಲಿ. ದೋಣಿ ತಲುಪಿತು. ಆದರೆ ಮುದುಕಿಯ ಮೊಮ್ಮಗ ಚುಕ್ಕಾಣಿ ಹಿಡಿಯುತ್ತಾನೋ ಇಲ್ಲವೋ ಅದು ಎರಡನೇ ಭಾಗದಲ್ಲಂತೆ. ಇದೆಂಥ ವ್ಯಾಪಾರ?

ಮಾರ್ಚ್ 31, ಸೋಮವಾರ

ವ್ಯಾಯಾಮದವನು ಇನ್ನು ಬರುವುದಿಲ್ಲ, ಬರೆಯುವುದನ್ನು ನಿಲ್ಲಿಸಬಹುದು ಎಂದ. ನಿಲ್ಲಿಸುವುದು ಬಿಡುವುದು ನನ್ನಿಷ್ಟ ಎಂದೆ.

ಸಂಜೆ ಕಡ್ಡಿಯನ್ನು ಪಕ್ಕ ಕೂರಿಸಿಕೊಂಡು ಉಳಿದ ಕಥೆಯನ್ನೆಲ್ಲ ಬಾಯಿಮಾತಲ್ಲಿ ಹೇಳಿದೆ. ಆರು ದಿನದಿಂದ ಉಪವಾಸವಿದ್ದವಳ ಹಾಗೆ ಕೇಳಿದಳು. ನಡುವೆ ತಡೆದು, "ಬಂದರಿನ ಸುಂಕದವನು ನಿಜವಾಗ್ಲೂ ಹಾಗೆ ಬೈದ್ನಾ, ನೀವೇ ಸೇರಿಸಿದ್ದಾ?" ಎಂದಳು. ಅರ್ಧ ನಾನೇ ಸೇರಿಸಿದ್ದೆ. ಅಷ್ಟರಲ್ಲಿ ಮಗಳು ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಿದ್ದಳು, ಕೈಚೀಲವನ್ನೂ ಇಳಿಸದೆ.

"ಅಮ್ಮ, ಏನಿದು?"

"ಕಥೆ. ಪುಸ್ತಕ ನಿಲ್ಲಿಸ್ದೆ, ನನ್ನ ಬಾಯಿ ಹೇಗೆ ನಿಲ್ಲಿಸ್ತೀಯ? ನಾನು ಲೈಬ್ರರೀಲಿ ಕೂತು ಓದ್ತೀನಿ, ಬಂದು ಇವಳಿಗೆ ಹೇಳ್ತೀನಿ. ಸತ್ತವರು, ಕದ್ದವರು, ಬಿಟ್ಟುಹೋದವರು, ಒಬ್ಬರನ್ನೂ ಬಿಡಲ್ಲ. ಒಂದು ತಿಳ್ಕೋ, ಬರೆದವರು ನಯವಾಗಿ ಬರೆದಿರ್ತಾರೆ. ನನಗೆ ನಯ ಬರಲ್ಲ."

"ಬ್ಲಾಕ್‌ಮೇಲ್ ಮಾಡ್ತಿದ್ದೀಯಾ?"

"ಆ ಪದ ಯಾವ ಪುಟದಲ್ಲಿತ್ತೋ ನಾನು ಓದಿಲ್ಲ."

ಅವಳ ಹಿಂದೆಯೇ ಬಂದು ನಿಂತಿದ್ದ ಅಳಿಯ ಫಕ್ಕನೆ ನಕ್ಕುಬಿಟ್ಟ. ಮಗಳು ತಿರುಗಿ ನೋಡಿದಳು. ನಿಲ್ಲಿಸಲಿಲ್ಲ ಆಸಾಮಿ. "ಸಹಿ ಮಾಡ್ಬಿಡೇ" ಎಂದ. ಈ ಮನೆಯಲ್ಲಿ ಅವನ ಬಾಯಿಂದ ಪೂರ್ತಿ ಮಾತು ಕೇಳಿದ್ದು ಇದೇ ಮೊದಲು.

ಮಗಳು ಕುರ್ಚಿಯಲ್ಲಿ ಕುಸಿದಳು. ಸಿಟ್ಟು ಅವಳಿಗೂ ನನ್ನಿಂದಲೇ ಬಂದದ್ದು, ಇಳಿಯಲು ಹೊತ್ತು ಬೇಕು. "ಅವಳು ಹೆದರಿದ್ರೆ? ನಾನು ಲ್ಯಾಬಲ್ಲಿರ್ತೀನಿ. ಯಾರಿಗೆ ಹೇಳ್ತಾಳೆ ಆಗ?"

"ನನಗೆ ಹೇಳ್ತೀನಿ ಅಂದಿದ್ದಾಳೆ. ಇವತ್ತಿಂದ ಹೀಗೆ. ಮೊದಲು ಅವಳು ಓದ್ತಾಳೆ, ಆಮೇಲೆ ನಾನು ಓದ್ತೀನಿ. ಸೂಜಿ ದಾರ ಮುಟ್ಟಲ್ಲ. ಬಿಡುವಾದಾಗ ನೀನೂ ಓದು. ಅಂಗಡಿ ತೆಗೆದ ಮೇಲೆ ಕಡ್ಡಿ ಶಾಲೆ ಮುಗಿಸಿ ಅಲ್ಲಿಗೇ ಬರ್ಲಿ. ಮೇಜಿನ ಕೆಳಗೆ ಕೂರೋದು ಬೇಡ, ನನ್ನ ಪಕ್ಕ ಕುರ್ಚಿ ಹಾಕ್ತೀನಿ."

ಮಗಳು ನನ್ನ ಮುಖವನ್ನೇ ನೋಡಿದಳು. ಕೈಚೀಲವನ್ನು ಕೆಳಗಿಟ್ಟಳು. "ಯೋಚ್ನೆ ಮಾಡ್ತೀನಿ" ಎಂದಳು ಕೊನೆಗೆ.

ಅವಳ ಯೋಚನೆ ನನಗೆ ಗೊತ್ತು. ಹಾಲಿನ ಸ್ಯಾಂಪಲ್ ಹಾಗೆ ಫ್ರಿಜ್ಜಿನಲ್ಲಿಟ್ಟು ಮರೆಯುತ್ತಾಳೆ. ಹಾಗಾಗಿ ಎದುರಿಗೇ ಹೇಳಿದೆ, ಇಲ್ಲೂ ಬರೆದಿಡುತ್ತೇನೆ: ಶನಿವಾರ ಬೆಳಿಗ್ಗೆ ಲೈಬ್ರರಿ ತೆಗೆಯುತ್ತದೆ, ಎರಡನೇ ಭಾಗವನ್ನು ಬೇರೆ ಯಾರಾದರೂ ಹೊತ್ತುಕೊಂಡು ಹೋದರೆ ನಾನು ಸುಮ್ಮನಿರುವವಳಲ್ಲ. ಸಹಿ ಮಾಡುತ್ತೀಯೋ ಇಲ್ಲವೋ, ಒಂದೇ ಮಾತು, ಏಪ್ರಿಲ್ 4, ಶುಕ್ರವಾರದೊಳಗೆ ಹೇಳು.